ಸಿಗರೇಟು ಕಾರ್ಡಿನ ರಾಜ

ಹೊಸನಗರದಲ್ಲಿ ನಲವತ್ತು ವರ್ಷ ಟೈಲರಿಂಗ್ ಅಂಗಡಿ ನಡೆಸಿದ ಕನ್ನಮ್ಮನ ಬಳಿ ತನ್ನ ತಾಯಿಯ ಒಂದು ಫೋಟೋ ಕೂಡ ಇರಲಿಲ್ಲ. ತಾಯಿ ಬೆಳ್ಳಮ್ಮ ನಾಟಕ ಕಂಪನಿಯಲ್ಲಿ ರಾಜನ ವೇಷ ಕಟ್ಟುತ್ತಿದ್ದವಳು. ಮಗಳ ಮದುವೆಯ ಮಾತು ಶುರುವಾದಾಗ, ಗಂಡಿನ ಕಡೆಯವರಿಗೆ ಗೊತ್ತಾದೀತೆಂದು ಹೆದರಿ, ಇದ್ದಬದ್ದ ಚಿತ್ರಗಳನ್ನೆಲ್ಲ ತಾನೇ ಒಲೆಗೆ ಹಾಕಿದ್ದಳು. ಆಮೇಲೆ ಕನ್ನಮ್ಮನೂ ಆ ವಿಷಯ ಎತ್ತಲಿಲ್ಲ. ಮೊಮ್ಮಗಳು ಶಿಲ್ಪಶ್ರೀಗೂ ತಿಳಿದಿರಲಿಲ್ಲ.

ಹೋದ ಜನವರಿಯಲ್ಲಿ ಅಜ್ಜಿ ಮೊಮ್ಮಗಳು ಕನ್ನಡಕ ಮಾಡಿಸಲು ಸಾಗರಕ್ಕೆ ಹೋಗಿದ್ದರು. ಅಲ್ಲೊಂದು ಸಭಾಭವನದಲ್ಲಿ ಹಳೆಯ ವಸ್ತುಗಳ ಪ್ರದರ್ಶನ ನಡೆದಿತ್ತು. ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ ಒಳಗೆ ಹೊಕ್ಕರು. ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು ರಾಜೇಂದ್ರ ತಮ್ಮ ಮೇಜಿನ ಮೇಲೆ ಇಸ್ಪೀಟೆಲೆಗಿಂತ ಚಿಕ್ಕದಾದ ಬಣ್ಣದ ಕಾರ್ಡುಗಳನ್ನು ಜೋಡಿಸಿಟ್ಟಿದ್ದರು.

"ಆಗಿನ ಕಾಲಕ್ಕೆ ಇವು ಸಿಗರೇಟ್ ಪ್ಯಾಕಿನೊಳಗೆ ಬರ್ತಿದ್ವು. ಹೆಸರು ಮಾಡಿದ ನಾಟಕದವರ ಚಿತ್ರ ಇದ್ರೆ ಜನ ಅದೇ ಸಿಗರೇಟು ಕೇಳಿ ತಗೊಳ್ತಿದ್ರು" ಎಂದರು.

ಮೂರನೆಯ ಸಾಲಿನಲ್ಲಿ ಮೀಸೆ ತಿರುವಿಕೊಂಡ ಒಬ್ಬ ರಾಜ ನಿಂತಿದ್ದ. ಕೆಳಗೆ 'ಅಪರಿಚಿತ ನಟ' ಎಂಬ ಚೀಟಿ. ಕನ್ನಮ್ಮನ ಕಾಲು ಅಲ್ಲೇ ನಿಂತುಬಿಟ್ಟಿತು. ಆ ಹಣೆ, ಆ ಹುಬ್ಬು!

"ಇದು ನಟ ಅಲ್ಲ ಸಾರ್, ನಟಿ" ಎಂದಳು.

"ಹೆಂಗೆ ಹೇಳ್ತೀರಮ್ಮಾ?"

"ಕೋಟು ನೋಡಿ. ಗಂಡಸರ ಕೋಟಿಗೆ ಗುಂಡಿ ಬಲಗಡೆ ಇರ್ತದೆ. ಇದಕ್ಕೆ ಎಡಗಡೆ ಇದೆ, ಹೆಂಗಸರ ರವಿಕೆ ಥರ. ರವಿಕೆ ಹೊಲ್ದ ರೂಢೀಲಿ ತನ್ನ ಕೋಟು ತಾನೇ ಹೊಲ್ಕೊಂಡಿದ್ದು."

ರಾಜೇಂದ್ರ ಭೂತಗನ್ನಡಿ ಹಿಡಿದು ನೋಡಿದರು. "ಚಿತ್ರ ತಿರುಗಾಮುರುಗಾ ಅಚ್ಚಾಗಿರಬೌದಲ್ಲ?"

"ಆಗಿದ್ರೆ ಕತ್ತಿ ಬಲಸೊಂಟದಲ್ಲಿ ಇರ್ಬೇಕಿತ್ತು. ಎಡಕ್ಕೇ ಇದೆ ನೋಡಿ."

ಕನ್ನಮ್ಮ ಸುತ್ತ ನಿಂತವರಿಗೂ ಕೇಳುವಂತೆ ಹೇಳಿದಳು: "ಇವ್ರು ನಿಟ್ಟೂರಿನ ಬೆಳ್ಳಮ್ಮ. ನಮ್ಮವ್ವ. ಹಿಂದುಗಡೆ ಅವ್ರ ಕಂಪ್ನಿ ಹೆಸ್ರು ಶಾರದಾವಿಲಾಸ ನಾಟಕ ಮಂಡಳಿ ಅಂತ ಇರ್ಬೇಕು, ತೆಗೆದು ನೋಡಿ."

ಶಿಲ್ಪಶ್ರೀ ಅಜ್ಜಿಯ ಮುಖವನ್ನೇ ನೋಡಿದಳು. ರಾಜೇಂದ್ರ ಕಾರ್ಡನ್ನು ಹುಷಾರಾಗಿ ಎತ್ತಿ ಮಗುಚಿ, ಮಾಸಿದ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು: "ಶಾರದಾವಿಲಾಸ ನಾಟಕ ಮಂಡಳಿಯ ಮಹಾರಾಜರು ಸೇದುವುದು ಮೂರು ನವಿಲು ಸಿಗರೇಟು ಮಾತ್ರ!"

ಕನ್ನಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. "ಬೀಡಿ ವಾಸ್ನೆ ಬಂದ್ರೆ ಸಾಕು, ಸೀನಿ ಸೀನಿ ಸುಸ್ತಾಗೋರು ನಮ್ಮವ್ವ!"

"ಅಜ್ಜಿ, ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದಳು ಶಿಲ್ಪಶ್ರೀ.

"ಹೆದ್ರಿಕೆ ಕಣೆ. ಅವ್ವ ಅಷ್ಟು ಜನದ ಮುಂದೆ ರಾಜನಾಗಿ ನಿಂತ್ಲು. ಅವಳ ಮಗಳು ಅಂತ ಹೇಳ್ಕಳಕ್ಕೆ ನಂಗೆ ಇಷ್ಟು ವರ್ಷ ಬೇಕಾಯ್ತು."

ರಾಜೇಂದ್ರ ಎರಡೂ ಕೈಯಲ್ಲಿ ಕಾರ್ಡು ನೀಡಿದರು. "ಇದು ನಿಮ್ಮ ಮನೇಲಿ ಇರಬೇಕಾದ್ದು. ತಗೊಳ್ಳಿ ಅಮ್ಮಾ."

ಕನ್ನಮ್ಮ ಅದನ್ನು ಕಣ್ಣಿಗೊತ್ತಿಕೊಂಡು ವಾಪಸ್ಸು ಕೊಟ್ಟಳು. "ಬೇಡ ಸಾರ್. ಮನೇಲಿಟ್ರೆ ನಾನೊಬ್ಳೇ ನೋಡ್ತೀನಿ. ಊರೂರಿಗೆ ತಗೊಂಡು ಹೋಗಿ, ನಾಕು ಜನ ನೋಡ್ಲಿ. ಆದ್ರೆ ಆ ಚೀಟಿ ಬದಲಾಯಿಸ್ಬೇಕು."

ಅವರ ಪೆನ್ನು ಇಸಿದುಕೊಂಡು ತಾನೇ ಕೂತು ದಪ್ಪಕ್ಷರದಲ್ಲಿ ಬರೆದಳು: 'ಶ್ರೀಮತಿ ಬೆಳ್ಳಮ್ಮ, ನಿಟ್ಟೂರು. ರಾಜಪಾತ್ರಧಾರಿ.' ಚೀಟಿಯನ್ನು ಕಾರ್ಡಿನ ಕೆಳಗೆ ನೆಟ್ಟಗೆ ಕೂರಿಸಿ, ಸೆರಗು ಸರಿಮಾಡಿಕೊಂಡು ಅದರ ಪಕ್ಕದಲ್ಲಿ ನಿಂತಳು.

"ಈಗ ಒಂದು ಫೋಟೋ ತೆಗಿ" ಎಂದಳು ಮೊಮ್ಮಗಳಿಗೆ.