ಅಕ್ಕತಂಗಿಯರ ಚೆನ್ನೆಮಣೆ

"ನಿನ್ನನ್ನೇ ಮ್ಯೂಸಿಯಂನಲ್ಲಿ ಇಡಬೇಕು ಮಾರಾಯ. ಗಾಜಿನ ಪೆಟ್ಟಿಗೆಯೊಳಗೆ ಕೂತುಕೋ, ಹೊರಗೆ ಅಂಟಿಸುವ ಚೀಟಿ ನಾನು ಬರೀತೇನೆ. ಒಂಬತ್ತನೇ ಕ್ಲಾಸು ದಾಟದ ಗಂಡಸು, ಊರು ವಾಮದಪದವು."

ಪುಂಜಾಲಕಟ್ಟೆಯ ಉನೈಸನ ಹೋಟೆಲಿನಲ್ಲಿ ಶಶಿರಾಜ್ ಹೀಗೆ ಹೇಳಿದಾಗ ಎಲ್ಲ ಮೇಜಿನವರೂ ನಕ್ಕರು. ನಾನು ಕೇಳಿದ್ದು ಒಂದೇ: ಅಮ್ಮನ ವಿಡಿಯೋವನ್ನು ಅವನ ಅರ್ಜಿಯಿಂದ ತೆಗೆಯಬೇಕು.

"ನಗೆ ಆಮೇಲೆ ಶಶಿಯಣ್ಣ. ತೆಗೀತೀರೋ ಇಲ್ಲವೋ?"

"ಅರ್ಜಿ ಹೋಗಿ ಆಯ್ತಲ್ಲ. ನಿನ್ನ ಪಿಕಪ್ಪಿನ ಕಲ್ಲಾ ಅದು, ಅರ್ಧ ದಾರಿಯಲ್ಲಿ ಇಳಿಸಲಿಕ್ಕೆ?"

ಪಿಕಪ್ಪಿನಲ್ಲಿ ಕಲ್ಲು ಸಾಗಿಸುವುದು ನನ್ನ ಕೆಲಸ. ಮತ್ತೆ ನಕ್ಕರು. ಉನೈಸ್ ಮಾತ್ರ ತಲೆ ತಗ್ಗಿಸಿ ಗ್ಲಾಸು ತೊಳೆಯತೊಡಗಿದ.

ಶಶಿರಾಜ್ ಮೂಡುಬಿದಿರೆಯವನು. ಬೆಳ್ತಂಗಡಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಡಾಕ್ಟರು ಕೂಡ, ಜ್ವರ ಬಂದರೆ ಪ್ರಯೋಜನಕ್ಕಿಲ್ಲದ ಡಾಕ್ಟರು. ಪಿಎಚ್‌ಡಿ ಆದ ಮೇಲೂ ಇವರ ಓದು ಮುಗಿಯುವುದಿಲ್ಲ, ಪೋಸ್ಟ್‌ಡಾಕ್ ಎಂದು ಇನ್ನೊಂದು ಉಂಟಂತೆ. ಪರದೇಶದ ಒಂದು ಮ್ಯೂಸಿಯಂನಲ್ಲಿ ನಮ್ಮ ಕಡೆಯ ಹಳೆಯ ಚೆನ್ನೆಮಣೆಗಳು ಬಿದ್ದಿವೆ. ಗುಳಿಗಳಿರುವ ಆ ಹಲಗೆ, ಕೆಂಪು ಬೀಜ, ಎರಡು ಕೈ. ಜೋರು ಮಳೆಯ ಆಟಿ ತಿಂಗಳಲ್ಲಿ ಹೆಂಗಸರು ಕೂತು ಆಡುವ ಆಟ. ಅದರ ಬಗ್ಗೆ ಬರೆಯಲು ಅಲ್ಲಿಗೆ ಕರೆಸಿಕೊಂಡು ಸಂಬಳ ಕೊಡುತ್ತಾರೆ. ಇವನಿಗೆ ಅದು ಬೇಕು, ಅರ್ಜಿ ಅದಕ್ಕೇ.

ಬೇಕಾದರೆ ಹೋಗಲಿ. ಆದರೆ ನಮ್ಮಲ್ಲಿ ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡುವುದಿಲ್ಲ. ಆಡಿದರೆ ಒಬ್ಬರಿಗೊಬ್ಬರು ಶತ್ರುಗಳಾಗಿ ಹಾಳಾಗುತ್ತಾರೆ ಎಂಬ ಹೆದರಿಕೆ ಅಮ್ಮನಿಗೆ ಅವಳ ಅಮ್ಮನಿಂದ ಬಂದದ್ದು. ಶಶಿರಾಜನಿಗೆ ಇದು ಗೊತ್ತಿಲ್ಲವೆಂದು ಯಾರೂ ಅವನ ಪರ ವಾದಿಸಬೇಡಿ. ಅವನು ಪಿಎಚ್‌ಡಿಯಲ್ಲಿ ಆ ನಿಷೇಧದ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಗೊತ್ತಿದ್ದೇ ಬಂದ. ಕನ್ಯಾನದಿಂದ ಚಿಕ್ಕಮ್ಮ ಬಂದು ನಿಂತಿದ್ದ ವಾರವನ್ನೇ ನೋಡಿ ಬಂದ. ಅಟ್ಟದ ಮಣೆಯನ್ನು ಅವನೇ ಇಳಿಸಿ ಚಾವಡಿಯಲ್ಲಿ ಇಟ್ಟು ಇಬ್ಬರನ್ನೂ ಆಡಲು ಕೂರಿಸಿದ. ನಾನು ಕಲ್ಲು ಇಳಿಸಿ ಮನೆಗೆ ಬರುವಾಗ ಕ್ಯಾಮರಾ ಮಡಚುತ್ತಿದ್ದ.

"ಎಂಥ ಮುಖಭಾವ ಗೊತ್ತುಂಟಾ," ಎಂದ ನನಗೇ. "ಹೆದರಿಕೊಂಡು ಆಡುವ ಅಕ್ಕತಂಗಿ. ಇದು ಬೇರೆ ಯಾರ ಹತ್ತಿರವೂ ಇಲ್ಲ."

ಯಾಕೆ ಒಪ್ಪಿದೆ ಎಂದು ಅಮ್ಮನನ್ನು ಕೇಳಿದೆ. ಅಪ್ಪ ತೀರಿಕೊಂಡ ದಿನ ಮೊದಲು ಬಾಗಿಲಿಗೆ ಬಂದದ್ದು ಶಶಿರಾಜನ ತಾಯಿ ವಿಮಲಕ್ಕ. "ಅವರ ಮಗ ಬಾಯಿಬಿಟ್ಟು ಕೇಳಿದರೆ ಹೇಗೆ ಇಲ್ಲ ಅನ್ನುವುದು?" ಎಂದಳು.

ಆ ಆಟದಲ್ಲಿ ಚಿಕ್ಕಮ್ಮ ಗೆದ್ದಳು. ಮರುದಿನ ಬೆಳಿಗ್ಗೆಯೇ ಊರಿಗೆ ಹೊರಟಳು. ಅಂದಿನಿಂದ ಇಬ್ಬರೂ ಫೋನು ಮಾಡಿಲ್ಲ. ಜಗಳವಾಗಿಲ್ಲ, ಜಗಳವಾದೀತು ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದಾರೆ. ದಿನಾ ಸಂಜೆ ಅಕ್ಕಿ ಆರಿಸುತ್ತಾ ತಂಗಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದ ಅಮ್ಮ ಈಗ ಮೊಬೈಲನ್ನು ಬೋರಲು ಹಾಕಿ ಕೂರುತ್ತಾಳೆ. ಇದಕ್ಕೆ ಯಾವ ಅಧ್ಯಾಯ ಬರೀತಾನೆ ಅವನು?

ಹೋಟೆಲಿನಲ್ಲಿ ಅಷ್ಟು ಮಾತಾಡಿದವನು ಸ್ವಲ್ಪ ದಿನದಲ್ಲಿ ನಮ್ಮ ಅಂಗಳಕ್ಕೆ ಬಂದ. ಸ್ವರ ಬೆಣ್ಣೆಯಾಗಿತ್ತು.

"ಅಶ್ವಿತ್, ಒಂದು ಸಣ್ಣ ಉಪಕಾರ. ಮ್ಯೂಸಿಯಂನವರಿಗೆ ವಿಡಿಯೋದ ಮನೆಯವರ ಹತ್ತಿರ ನೇರ ಮಾತಾಡಬೇಕಂತೆ. ಅವರ ಹೊಸ ನಿಯಮ. ಅಮ್ಮನಿಗೆ ಕ್ಯಾಮರಾ ಎದುರು ನಾಚಿಕೆ. ನೀನು ಬಾ."

"ನಾನು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬರಬಹುದಾ?"

"ತಮಾಷೆಗೆ ಹೇಳಿದ್ದು ಮಾರಾಯ, ಅದನ್ನೆಲ್ಲ ಹಿಡ್ಕೊಂಡು ಕೂರ್ತೀಯಾ?"

ಅಮ್ಮ ಒಳಗಿನಿಂದ ಹೇಳಿದಳು: "ಹೋಗುವ ಮಗಾ. ನಾನೂ ಬರ್ತೇನೆ. ವಿಮಲಕ್ಕನನ್ನು ನೋಡದೆ ಸುಮಾರು ಸಮಯ ಆಯ್ತು."

ಮೂಡುಬಿದಿರೆಯ ಅವರ ಮನೆಯಲ್ಲಿ ವಿಮಲಕ್ಕ ಪುನರ್ಪುಳಿ ಶರಬತ್ತು ಕೊಟ್ಟರು. ಲ್ಯಾಪ್‌ಟಾಪಿನ ಎದುರಿನ ಕುರ್ಚಿಗಳ ಹಿಂದೆ ಶಶಿರಾಜ್ ಸಾಲುಸಾಲು ಪುಸ್ತಕ ಜೋಡಿಸಿದ್ದ, ಕ್ಯಾಮರಾದಲ್ಲಿ ಕಾಣುವುದಕ್ಕೆ. ನನ್ನ ಅಂಗಿಯ ಕಾಲರನ್ನು ಅವನೇ ಸರಿ ಮಾಡಿದ. ನನಗೆ ಆ ಕೈಯನ್ನು ತಿರುಚಿಬಿಡಬೇಕು ಅನಿಸಿತು.

"ಖುಷಿಯಲ್ಲಿ ಆಡಿದರು, ಅಷ್ಟು ಹೇಳು. ಜಾಸ್ತಿ ಬೇಡ. ನನ್ನ ಎರಡು ವರ್ಷದ ಬದುಕು ಅದರ ಮೇಲೆ ಉಂಟು."

ಪರದೆಯ ಮೇಲೆ ಮೂವರು ಕಂಡರು. ಅವರಲ್ಲಿ ಒಬ್ಬರು ಬೆಂಗಳೂರಿನ ಕನ್ನಡ ಮಾತಾಡುವ ಮೇಡಂ. ಮೊದಲು ವಿಡಿಯೋದ ತುಂಡೊಂದನ್ನು ತೋರಿಸಿದರು. ಅಮ್ಮನ ಬೆರಳು ಗುಳಿಯಿಂದ ಗುಳಿಗೆ ಬೀಜ ಬಿಡುತ್ತಿತ್ತು. ಒಂದು ಬೀಜ ಜಾರಿ ನೆಲಕ್ಕೆ ಬಿತ್ತು. ಅಮ್ಮ ಅದನ್ನು ಹೆಕ್ಕಲಿಲ್ಲ, ತಂಗಿಯ ಮುಖ ನೋಡಿದಳು. ತಂಗಿ ನೋಡಲಿಲ್ಲ.

"ನೋಡಿ ಅಶ್ವಿತ್," ಮೇಡಂ ಕೇಳಿದರು, "ನಿಮ್ಮ ತಾಯಿ, ಚಿಕ್ಕಮ್ಮ ಇಬ್ರೂ ಮನಸ್ಸಿಟ್ಟು ಒಪ್ಪಿ ಆಡಿದ್ರಾ? ಯಾರೂ ಬಲವಂತ ಮಾಡ್ಲಿಲ್ಲ ತಾನೆ? ನೀವು ಹೇಳಿದ್ದನ್ನೇ ನಾವು ನಂಬ್ತೀವಿ."

ಶಶಿರಾಜ್ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿದ. ಬಾಗಿಲ ಹತ್ತಿರ ಅಮ್ಮ ವಿಮಲಕ್ಕನ ಪಕ್ಕದಲ್ಲಿ ನಿಂತಿದ್ದಳು, ಕೈಯಲ್ಲಿ ಖಾಲಿ ಲೋಟ. ಹೌದು ಅನ್ನು ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ಇಲ್ಲ ಎಂದರೆ ಈ ಮನೆಯ ಹೊಸ್ತಿಲನ್ನು ಅವಳು ಇನ್ನು ದಾಟುವುದಿಲ್ಲ. ತಂಗಿಯನ್ನು ಕಳೆದುಕೊಂಡದ್ದು ಸಾಲದೆ ವಿಮಲಕ್ಕನನ್ನೂ ಕಳೆದುಕೊಳ್ಳುತ್ತಾಳೆ. ಹೌದು ಎಂದರೆ ಪರದೆಯ ಮೇಲಿನ ಆ ಮುಖಕ್ಕೆ ನಾನೇ ಖುಷಿ ಎಂಬ ಚೀಟಿ ಅಂಟಿಸಿದಂತೆ. ಚೀಟಿ ಅಂಟಿಸುವುದು ಅವನ ಕೆಲಸ. ಅದಕ್ಕೆ ಅವನು ಓದಿದ್ದಾನೆ.

ನಾನು ಎದ್ದೆ. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕರ್ರೆಂದಿತು.

"ಹಲೋ? ಅಶ್ವಿತ್, ಕೇಳಿಸ್ತಾ ಇದ್ಯಾ?"

"ನೆಟ್‌ವರ್ಕು ಮೇಡಂ," ಶಶಿರಾಜನ ಸ್ವರ ಹಿಂದಿನಿಂದ ಬಂತು, "ನಮ್ಮ ಕಡೆ ನೆಟ್‌ವರ್ಕು ಸ್ವಲ್ಪ ಹೀಗೆಯೇ." ಆಮೇಲೆ ತುಳುವಿನಲ್ಲಿ, ಹಲ್ಲು ಕಚ್ಚಿಕೊಂಡು, ನನ್ನನ್ನು ಕರೆದ. ಆಮೇಲೆ ಇನ್ನೊಮ್ಮೆ, ಹಲ್ಲು ಗಿಂಜಿ.

ಅಮ್ಮನ ಕೈಯಿಂದ ಲೋಟ ತೆಗೆದು ಕಿಟಕಿಯಲ್ಲಿಟ್ಟೆ. ಅವಳನ್ನು ವಿಮಲಕ್ಕನ ಪಕ್ಕದಲ್ಲೇ ಬಿಟ್ಟು ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಂಡೆ. ಒಳಗೆ ಮೇಡಂ ಅದೇ ಪ್ರಶ್ನೆಯನ್ನು ಮತ್ತೊಮ್ಮೆ, ನಿಧಾನವಾಗಿ ಕೇಳುತ್ತಿದ್ದರು. ನಾನು ಗೇಟು ದಾಟಿ ಊರ ಕಡೆ ಹೋಗುವ ಸಿದ್ದಕಟ್ಟೆಯ ಬಸ್ಸು ನಿಲ್ಲುವ ಕಡೆಗೆ ನಡೆದೆ.