ಪುಟ್ಟಮಲ್ಲಮ್ಮನವರ ಬರಿಬಾಯಿ

ಸಮಸ್ತ ರಾವಂದೂರಿಗೆ ತಿಳಿಯಪಡಿಸುವುದೇನೆಂದರೆ, ಪುಟ್ಟಮಲ್ಲಮ್ಮನವರು ಇಂದು ಬೆಳಗಿನಿಂದ ಎಲೆಅಡಿಕೆ ಹಾಕಿಲ್ಲ. ಸಂಚಿ ಸೊಂಟದಲ್ಲಿದೆ, ಬಾಯಿ ಖಾಲಿ ಇದೆ. ಸೂರ್ಯ ಮಾತ್ರ ಧೈರ್ಯ ಮಾಡಿ ಹುಟ್ಟಿದ್ದಾನೆ.

ಈ ವ್ರತಕ್ಕೆ ಕಾರಣ ಮೊಮ್ಮಗಳು ಪೂಜಾ. ಮೈಸೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕ್ಯಾನ್ಸರಿನ ಲೆಕ್ಕ ಬಿಡಿಸುವವಳು. ಹೊಗೆಸೊಪ್ಪು ಜಗಿಯುವವರ ಎಂಜಲು ಬೇಕೆಂದು ಡಬ್ಬಿಗಳ ಸಮೇತ ಬಂದಿದ್ದಳು. ಎಲೆ ಹಾಕಿದ ಬಾಯಿ ಆ ದಿನ ನಡೆಯದು. ಸಂಗ್ರಹಕ್ಕೆ ಇಂದೇ ಕೊನೆ. ಒಂದು ಡಬ್ಬಿಯೂ ತುಂಬದಿದ್ದರೆ ಬಾಯಿ ಕ್ಯಾನ್ಸರಿನಲ್ಲಿ ಹೋದ ತಾತ ವೀರಭದ್ರಸ್ವಾಮಿಯ ಊರೇ ಅವಳ ಲೆಕ್ಕದಿಂದ ಬಿಟ್ಟುಹೋಗುತ್ತಿತ್ತು.

“ಎಂಜ್ಲಲ್ಲಿ ಅದೇನ್ ಲೆಕ್ಕ ಮಗ?”

“ತಾತ ಹೊಗೆಸೊಪ್ಪು ಬೇಯಿಸ್ತಿದ್ದ ಬ್ಯಾರನ್ ನೆನಪೈತಾ ಅಜ್ಜಿ? ಸೊಪ್ಪು ಹಸಿರಾಗೇ ನೇತಾಡ್ತಿತ್ತು. ಶಾಖ ಒಂದ್ ಅಳತೆ ದಾಟ್ತೋ, ಬ್ಯಾರನ್ನಿಗೆ ಬ್ಯಾರನ್ನೇ ಹಳದಿ. ನಮ್ ಮೈಯ ಜೀವಕೋಶಗಳೂ ಅಂಗೇ, ಅಕ್ಕಪಕ್ಕದೋವ್ನ ನೋಡಿ ಕೆಡ್ತವೆ. ಎಲ್ಲಾ ಒಟ್ಟಿಗೆ ತಿರುಗೋದು ಯಾವಾಗ ಅಂತ ಭೌತಶಾಸ್ತ್ರದ ಲೆಕ್ಕ ಐತೆ.”

ಆ ಬ್ಯಾರನ್ನಿನ ಒಲೆಯಲ್ಲೇ ತಾತ ಗೆಣಸು ಸುಟ್ಟು, ಊದಿ ಊದಿ ಕೊಡುತ್ತಿದ್ದ. ಅವನ ಎಡಗೆನ್ನೆ ಸದಾ ಉಬ್ಬಿರುತ್ತಿತ್ತು. ಅಲ್ಲಿ ಬೆಲ್ಲ ಬಚ್ಚಿಟ್ಟಿದ್ದಾನೆಂದು ಪೂಜಾ ಬಹಳ ವರ್ಷ ನಂಬಿದ್ದಳು.

ಜಗುಲಿ ತುಂಬ ಜನ ಕೂತಿದ್ದರು, ಎಲ್ಲ ಅಜ್ಜಿಯ ಏರ್ಪಾಡು. ಎಲ್ಲರದ್ದೂ ಬರಿಬಾಯಿ. ಪೂಜಾ ಮೊದಲ ಡಬ್ಬಿಯನ್ನು ಬಸವಪ್ರಸಾದನ ಕೈಗಿಟ್ಟಳು.

“ನೀವು ಅಜ್ಜಿಗೆ ಏನಾಗ್ಬೇಕು?”

“ಅಣ್ಣನ ಮಗ ಕಣವ್ವ. ಇವ್ಳು ಪುಷ್ಪಾ, ನನ್ ತಂಗಿ. ಅವ್ನು ಗೌರೀಶ, ಚಿಕ್ಕಪ್ಪನ ಮಗ. ಆ ಕಡೆ ಕೂತಿರೋವೂ ನಮ್ಮವೇಯ.”

ಪೂಜಾ ತಲೆ ಚಚ್ಚಿಕೊಂಡಳು. “ಅಜ್ಜೀ, ನೆಂಟ್ರಲ್ದೋರ್ನ ಕರಿ ಅಂದಿರ್ಲಿಲ್ವಾ? ಒಂದೇ ರಕ್ತ ಆದ್ರೆ ಇಷ್ಟೂ ಜನ ಸೇರಿ ಲೆಕ್ಕಕ್ಕೆ ಒಬ್ರೇ!”

“ನೀನೇನೋ ಅಂದಿದ್ದೆ ಕಣವ್ವ. ಕಂಡೋರ್ನ ಕರ್ದು ಎಂಜ್ಲ ಉಗೀರಿ ಅನ್ನಕಾಯ್ತದಾ? ಎಂಜ್ಲ ಕೇಳೋದು ನಮ್ಮೋರ್ನೇಯ.”

ಹೊಗೆಸೊಪ್ಪಿಗೂ ಕ್ಯಾನ್ಸರಿಗೂ ಇರುವ ನಂಟು ಹುಡುಕಲು ಬಂದವಳಿಗೆ ಸಿಕ್ಕಿದ್ದು ಬರೀ ನೆಂಟರು. ಪೂಜಾಳಿಗೆ ನಗು ಬಂತು. ಒಬ್ಬರಾದರೂ ಒಬ್ಬರೇ, ತಾತನ ಊರಿಗೆ ಅಷ್ಟು ಸಾಕು. ಹೆಸರು ಬರೆಯಲು ಪೆನ್ನು ತರಲೆಂದು ಒಳಗೆ ಹೋದಳು.

“ಓಗ್ಲಿ ಬುಡಜ್ಜಿ, ನಿಂದೇ ಕೊಡು,” ಎನ್ನುತ್ತ ಹೊರಬಂದಳು.

ಅಷ್ಟರಲ್ಲಿ ಸಂಚಿ ಜಗುಲಿಯನ್ನು ಒಂದು ಸುತ್ತು ಹಾಕಿ ಬಂದಿತ್ತು. ಕೆಲಸ ಕೆಟ್ಟಿತೆಂದು, ಬಂದ ನೆಂಟರನ್ನು ಬರಿಬಾಯಲ್ಲಿ ಕಳಿಸುವುದುಂಟೆ?

ಅಜ್ಜಿ ಕಣ್ಣರಳಿಸಿದರು. ಎಡಗೆನ್ನೆ ಉಬ್ಬಿತ್ತು.