ಪಟ್ಟಿಗೆ ಸೇರಿದ ಕಂಡಕ್ಟರು

ಹಳೆಯ ಕಾಗದಪತ್ರಗಳ ಭಂಡಾರದಲ್ಲಿ ಬಿಟ್ಟಿಯಾಗಿ ದುಡಿಯುತ್ತಿದ್ದ ಸ್ವಯಂಸೇವಕರು ಒಟ್ಟು ಏಳು ಜನ. ಅವರಲ್ಲಿ ಧೂಳು ಒರೆಸಲು ಬೇಸರಪಡದವರು ನಿವೃತ್ತ ಬಸ್ ಕಂಡಕ್ಟರು ಒಬ್ಬರೇ. ತಂಡದ ಕಾರ್ಯದರ್ಶಿ ನಿವೃತ್ತ ಹೆಡ್‌ಮೇಷ್ಟ್ರು. ಪಟ್ಟಿ ಮಾಡುವುದೆಂದರೆ ಅವರಿಗೆ ಪಂಚಪ್ರಾಣ. ತೊಂಬತ್ತು ದಿನ ಒಂದೇ ಜಾಗದಲ್ಲಿದ್ದದ್ದೆಲ್ಲ ದಾಖಲೆಯೇ ಎಂದು ನಿಯಮ ಮಾಡಿ, ಗೋಡೆಯ ಮೊಳೆ, ಕೆಟ್ಟ ಫ್ಯಾನು, ಯಾವುದನ್ನೂ ಬಿಡದೆ ನಂಬರಿನ ಚೀಟಿ ಅಂಟಿಸಿದ್ದರು. ಕಂಡಕ್ಟರಿಗೆ ಅದನ್ನು ಕಂಡರೆ ನಗು. ತಾವೂ ಮೂರು ತಿಂಗಳಿಂದ ಒಂದೇ ಸ್ಟೂಲಿನ ಮೇಲೆ ಕೂರುತ್ತಿದ್ದೇವೆ ಎಂಬುದು ಮಾತ್ರ ಅವರ ತಲೆಗೆ ಹೊಳೆದಿರಲಿಲ್ಲ.

ಬುಧವಾರ ಸಂಜೆ ಮನೆಗೆ ಹೊರಟಾಗ ಹೆಡ್‌ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು. ಕಂಡಕ್ಟರ ಅಂಗಿಯ ಬೆನ್ನಿಗೆ ಆಗಲೇ ಚೀಟಿ ಬಿದ್ದಿತ್ತು: ೪೧೧೮. ಪಟ್ಟಿಗೆ ಸೇರಿದ್ದು ಹೊರಗೆ ಹೋಗಬೇಕಾದರೆ ಸಭೆಯ ಒಪ್ಪಿಗೆ ಬೇಕು. ಸಭೆಗೆ ಏಳು ಸದಸ್ಯರು ಬೇಕು. ಏಳನೆಯವರು ಕಂಡಕ್ಟರೇ, ಆದರೆ ದಾಖಲೆಗೆ ಎಲ್ಲಾದರೂ ಮತ ಇರುತ್ತದೆಯೇ?

ಕಂಡಕ್ಟರು ಮೊದಲು ನಕ್ಕರು, ಆಮೇಲೆ ರೇಗಿದರು, ಕೊನೆಗೆ ಕೈಮುಗಿದರು. ಮಾರನೆಯ ಬೆಳಗ್ಗೆ ಎಂಟಕ್ಕೆ ಹೆಂಡತಿಯ ಕಣ್ಣಿನ ಆಪರೇಷನ್. ನಾಲ್ಕು ತಿಂಗಳು ಕಾದು ಸಿಕ್ಕ ದಿನ. ಜೊತೆಗೆ ಬಂದು ಸಹಿ ಹಾಕುವವರಿಲ್ಲದಿದ್ದರೆ ಆಸ್ಪತ್ರೆಯವರು ಒಳಗೇ ಬಿಡುವುದಿಲ್ಲ. ಉಳಿದ ಐವರು ಮರುಗಿದರು. ಸಂಜೆಬಿಸಿಲು ತಾಗಿ ಬಣ್ಣಗೆಡದಿರಲಿ ಎಂದು ಕಂಡಕ್ಟರನ್ನು ಅವರ ಸ್ಟೂಲಿನ ಸಮೇತ ಎತ್ತಿ ನೆರಳಿಗಿಟ್ಟರು.

ಗಂಡ ಬಾರದ್ದು ಕಂಡು ಹೆಂಡತಿ ಗೋಡೆ ಹಿಡಿದುಕೊಂಡು ಹುಡುಕುತ್ತ ಬಂದರು. ಸಂಗತಿಯನ್ನೆಲ್ಲ ಕೇಳಿ, ವಾದ ಮಾಡಿ ಪ್ರಯೋಜನವಿಲ್ಲ ಎಂದು ಅರಿತು, ಸದಸ್ಯತ್ವದ ಅರ್ಜಿ ತರಿಸಿ ತಡವರಿಸುತ್ತ ಸಹಿ ಹಾಕಿದರು. ಏಳು ಜನರಾದರು. ಸಭೆ ಸೇರಿತು. ವಸ್ತುವಿನ ವಿವರ ಓದದೆ ಮತಕ್ಕೆ ಹಾಕುವಂತಿಲ್ಲವಾದ್ದರಿಂದ ಹೆಡ್‌ಮೇಷ್ಟ್ರು ಕನ್ನಡಕ ಏರಿಸಿದರು.

“ಎತ್ತರ ಐದೂವರೆ ಅಡಿ. ಬಲ ಹೆಬ್ಬೆರಳು ಟಿಕೆಟ್ ಹರಿದು ಹರಿದು ಸವೆದಿದೆ. ಒರೆಸುವಾಗ ಸಣ್ಣಗೆ ಹಾಡಿಕೊಳ್ಳುತ್ತದೆ. ದಿನಕ್ಕೊಮ್ಮೆ ಹೆಂಡತಿಯ ಕಣ್ಣಿನ ಮಾತೆತ್ತಿ ಸುಮ್ಮನಾಗುತ್ತದೆ. ಸ್ಥಿತಿ: ನಾಜೂಕು.”

ಮನೆಯಲ್ಲಿ ಈ ಮನುಷ್ಯ ಆಪರೇಷನ್ ಎಂದರೆ ಇರುವೆ ಕಚ್ಚಿದ ಹಾಗೆ ಎಂದು ತಳ್ಳಿಹಾಕುತ್ತಿದ್ದರು. ಅವರಿಗೂ ಹೆದರಿಕೆಯಿದೆ ಎಂಬುದು ಹೆಂಡತಿಗೆ ತಿಳಿದದ್ದು ಈಗಲೇ.

ಏಳೂ ಕೈ ಮೇಲೆದ್ದವು. ಉಳಿದದ್ದು ಒಂದೇ ಕಲಂ: ಹೊರಗೆ ಕಳಿಸಲು ಕಾರಣ. ಆಸ್ಪತ್ರೆ ಎಂದು ಬರೆಯಲೇ ಎಂದು ಹೆಡ್‌ಮೇಷ್ಟ್ರು ಕೇಳಿದರು.

“ಬೇಡ. ಆಸ್ಪತ್ರೆಗಾದ್ರೆ ಪಕ್ಕದ್ಮನೆಯವ್ರೂ ಬರ್ತಾರೆ. ನಂಗೆ ಇವ್ರೇ ಬೇಕು ಅಂತ ಬರ್ಕೊಳ್ಳಿ,” ಎಂದರು ಹೆಂಡತಿ.

ಮದುವೆಯಾಗಿ ನಲವತ್ತು ವರ್ಷದಲ್ಲಿ ಕಂಡಕ್ಟರು ಈ ಮಾತು ಕೇಳಿದ್ದು ಇದೇ ಮೊದಲು. ಬಾಗಿಲು ತೆರೆದಿತ್ತು, ಅವರು ಸ್ಟೂಲಿನಿಂದ ಏಳಲಿಲ್ಲ.

“ಬರ್ದಿದ್ದನ್ನ ಒಂದ್ಸಲ ಓದಿ ಮೇಷ್ಟ್ರೇ,” ಎಂದರು.